ಕಲ್ಲಿಗೆ ಹಚ್ಚಿದ ವಿಭೂತಿ

ಹೊಳೆ ಹೊರಳುವ ಜಾಗದಲ್ಲಿ ಒಂದು ಸಣ್ಣ ಮಠ. ಅದರ ಬೆನ್ನಿಗೆ ಕೆಂಪು ಕಲ್ಲಿನ ಗುಡ್ಡ. ಮಠ ಅಂದ ಕೂಡಲೇ ದೊಡ್ಡದೇನೋ ಅಂದುಕೊಳ್ಳಬೇಡಿ. ಒಂದು ಗದ್ದುಗೆ, ಒಂದು ಪಡಸಾಲೆ, ಒಂದು ಅಡುಗೆಮನೆ, ಅಂಗಳದಲ್ಲೊಂದು ಬೇವಿನ ಮರ. ಮುಗಿಯಿತು.

ಅಲ್ಲಿದ್ದ ಗುರುಗಳು ಉಳವಯ್ಯಜ್ಜಾರು. ಕಷ್ಟಸುಖ ಹೇಳಿಕೊಳ್ಳಲು ಜನ ಬರುತ್ತಿದ್ದರು. ಆದರೆ ಅಜ್ಜಾರು ಮಠದಲ್ಲಿ ಸಿಗಬೇಕಲ್ಲ! ಅವರು ಗುಡ್ಡದ ಮೇಲೆ ಯಾವುದೋ ಹಾಸುಗಲ್ಲಿನ ಮೇಲೆ ಬೋರಲು ಬಿದ್ದುಕೊಂಡು ಕಲ್ಲು ನೋಡುತ್ತಿರುತ್ತಿದ್ದರು.

ಇದಕ್ಕೆ ಕಾರಣ ಅವರ ಗುರುಗಳು. ಆ ಹಿರಿಯ ಅಜ್ಜಾರು ಒಮ್ಮೆ ಗುಡ್ಡದ ಮೇಲೆ ಒಂದು ಬಂಡೆ ತೋರಿಸಿದ್ದರಂತೆ. ಬಂಡೆಯ ತುಂಬ ಸಣ್ಣ ಸಣ್ಣ ಅಲೆಗಳು. ಹೊಳೆಯ ದಂಡೆಯ ಉಸುಕಿನ ಮೇಲೆ ಇರುತ್ತವಲ್ಲ, ಅಂಥವೇ.

"ಇದು ಒಂದು ಕಾಲಕ್ಕ ಹಸಿ ಉಸುಕು," ಅಂದಿದ್ದರು ಹಿರಿಯರು. "ನೀರು ಇದರ ಮ್ಯಾಲೆ ಹಾದು ಹೋಗೈತಿ. ನೀರಿನ ಗುರುತು ಉಳದೈತಿ. ನೀರಿದ್ದಲ್ಲಿ ಯಾರರೆ ಓಡಾಡಿರಬೇಕಲ್ಲ? ಅವರ ಗುರುತು ಎಲ್ಲೈತಿ?"

ಅಷ್ಟು ಕೇಳಿ, ಉತ್ತರ ಹೇಳದೆ, ಸ್ವಲ್ಪ ದಿನಕ್ಕೆ ಲಿಂಗೈಕ್ಯರಾದರು. ಉಳವಯ್ಯಜ್ಜಾರಿಗೆ ಗುರುಗಳಿಂದ ಬಂದ ಆಸ್ತಿ ಅಂದರೆ ಈ ಮಠ ಮತ್ತು ಈ ಪ್ರಶ್ನೆ. ಮಠ ಸೋರುತ್ತಿತ್ತು, ಊರವರು ಸೇರಿ ರಿಪೇರಿ ಮಾಡಿಸಿದರು. ಪ್ರಶ್ನೆಯನ್ನು ರಿಪೇರಿ ಮಾಡುವವರು ಯಾರು?

ಯಾವುದೋ ಕಾಲದಲ್ಲಿ ಈ ಉಸುಕಿನ ಮೇಲೆ ಹರಿದುಹೋದ ಒಂದು ಹುಳದ ಜಾಡಾದರೂ ಸಿಕ್ಕೀತೇ ಅಂತ ಅಜ್ಜಾರು ಪ್ರಾಯದಿಂದ ಹುಡುಕಿದರು. ಗಡ್ಡ ಬೆಳ್ಳಗಾಯಿತು. ಜಾಡು ಸಿಗಲಿಲ್ಲ.

ಅವರ ಶಿಷ್ಯ ಮುರಿಗೆಪ್ಪ. ಊರಲ್ಲಿ ಸೈಕಲ್ ಅಂಗಡಿ ಇಟ್ಟಿದ್ದವನು. ಅಜ್ಜಾರ ಸೈಕಲ್ಲಿಗೆ ಪಂಕ್ಚರ್ ಹಾಕಲು ಅಂತ ಒಂದು ಮಧ್ಯಾಹ್ನ ಮಠಕ್ಕೆ ಬಂದ. ಪಂಕ್ಚರ್ ಹಾಕಿದ, ಊಟ ಮಾಡಿದ, ಅಜ್ಜಾರ ಜೊತೆ ಗುಡ್ಡ ಹತ್ತಿದ. ತಿರುಗಿ ಅಂಗಡಿಗೆ ಹೋಗಲೇ ಇಲ್ಲ. ಈಗ ಅವನ ಮೀಸೆಯಲ್ಲೂ ಒಂದೆರಡು ಬಿಳಿ ಕೂದಲು.

ಬೆಳಗ್ಗೆ ಅವನು ಗುಡ್ಡಕ್ಕೆ ಹೊರಟರೆ ಅಜ್ಜಾರು ಪಡಸಾಲೆಯಿಂದಲೇ ಕೂಗುತ್ತಿದ್ದರು.

"ಬುತ್ತಿ ತಗೊಂಡ್ಯಾ ಮುರಿಗ್ಯಾ?"

"ತಗೊಂಡೀನ್ರಿ."

"ನೀರು?"

"ತಗೊಂಡೀನ್ರಿ."

"ಕಣ್ಣು?"

"ಮಾರಿ ಮ್ಯಾಲ ಅದಾವ್ರಿ ಅಜ್ಜಾರ!"

"ಇದ್ರ ಆತು. ಹೋಗಿ ಬಾ."

ಸಂಜೆ ಅವನು ಒಂದೆರಡು ಕಲ್ಲಿನ ತುಂಡು ಚೀಲದಲ್ಲಿ ಹಾಕಿಕೊಂಡು ಬರುತ್ತಿದ್ದ. ಕೈಕಾಲು ಕೂಡ ತೊಳೆಯದೆ ಅಜ್ಜಾರ ಮುಂದೆ ಇಡುತ್ತಿದ್ದ.

"ಇದೇನ್ರಿ?"

"ನೀ ಏನಂತಿ?"

"ನನಗೇನ್ ತಿಳೀತೈತ್ರಿ? ನೀವ ಹೇಳ್ರಿ."

ಅಜ್ಜಾರು ಕಲ್ಲನ್ನು ಬಿಸಿಲಿಗೆ ವಾರೆಯಾಗಿ ಹಿಡಿದು ನೋಡುತ್ತಿದ್ದರು. ಇದು ನೀರಿನ ಅಲಿ, ಇದು ಮಳಿ ಹನಿ ಬಿದ್ದದ್ದು, ಇದು ಬರೇ ಬಣ್ಣದ ಕಲಿ, ಅನ್ನುತ್ತಿದ್ದರು. ಅವರು ಹೇಳಿದ ಮೇಲೆ ಮುರಿಗೆಪ್ಪನಿಗೂ ಹಾಗೇ ಕಾಣುತ್ತಿತ್ತು. ಅವರು ಹೇಳುವ ಮೊದಲು ಒಂದು ದಿನವೂ ಅವನು ಬಾಯಿ ಬಿಟ್ಟವನಲ್ಲ. ಅಜ್ಜಾರ ಕಣ್ಣಿರುವಾಗ ತನ್ನ ಕಣ್ಣಿಗೇನು ಕೆಲಸ ಅಂತ ಅವನ ಲೆಕ್ಕ.

ಹೀಗಿರುವಾಗ ಅಜ್ಜಾರ ಕಣ್ಣು ಮಂದವಾಗುತ್ತ ಬಂತು.

ಪಟ್ಟಣದ ಕಣ್ಣಿನ ಡಾಕ್ಟರು ಕಣ್ಣಿಗೆ ಬೆಳಕು ಬಿಟ್ಟು ನೋಡಿದರು. ನರ ಒಣಗಿದೆ, ಹೋದದ್ದು ಬರುವುದಿಲ್ಲ, ಇದ್ದದ್ದೂ ನಿಲ್ಲುವುದಿಲ್ಲ ಅಂದರು. ಹಾಕಿಕೊಳ್ಳಲು ಒಂದು ಔಷಧದ ಶೀಶೆ ಕೊಟ್ಟರು.

ಮಠದಲ್ಲಿ ಅಡುಗೆ ಮಾಡುವ ಪಾರವ್ವ ಸುದ್ದಿ ಕೇಳಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು.

"ಯಾಕ ಅಳ್ತೀಯವ್ವಾ?" ಅಂದರು ಅಜ್ಜಾರು. "ಹೊಗಿ ತುಂಬಿದ ಅಡಗಿಮನ್ಯಾಗ ನೀ ರೊಟ್ಟಿ ಬಡಿಯಾಂಗಿಲ್ಲೇನು? ನಂದೂ ಹಂಗ ನಡೀತೈತಿ."

ಮುರಿಗೆಪ್ಪ ಅಳಲಿಲ್ಲ. ಅವನ ತಲೆಯಲ್ಲಿ ಒಂದೇ ಹಟ ಹೊಕ್ಕಿತು. ಇವರ ಕಣ್ಣು ಪೂರ್ತಿ ಮುಚ್ಚುವುದರೊಳಗೆ ಆ ಜಾಡನ್ನು ಇವರ ಮುಂದೆ ತಂದು ಇಡಬೇಕು. ಇಡೀ ಜನ್ಮ ಹುಡುಕಿದವರು, ಒಮ್ಮೆಯಾದರೂ ನೋಡಿ ಹೋಗಲಿ.

ಅವತ್ತಿನಿಂದ ಗುಡ್ಡದ ಮೇಲೆ ಅವನು ಬುತ್ತಿ ಬಿಚ್ಚುವುದನ್ನೇ ಮರೆತ. ಸಂಜೆ ಗಂಟು ಹಾಗೇ ವಾಪಸ್ ಬರುತ್ತಿತ್ತು. ಪಾರವ್ವ ಬೈದೂ ಬೈದೂ ಸಾಕಾದಳು.

ಒಂದು ಸಂಜೆ ಹೊತ್ತು ಇಳಿಯುತ್ತಿತ್ತು. ಮೇಲಿನಿಂದ ಕಳಚಿ ಬಿದ್ದ ಒಂದು ಹಾಸುಗಲ್ಲಿನ ಮೇಲೆ ವಾರೆ ಬಿಸಿಲು ಬಿದ್ದಿತ್ತು. ಆ ಬಿಸಿಲಲ್ಲಿ ಮುರಿಗೆಪ್ಪನಿಗೆ ಒಂದು ಗೆರೆ ಕಂಡಿತು. ಸಣ್ಣಗೆ, ಸ್ವಲ್ಪ ಸೊಟ್ಟಗೆ, ಯಾರೋ ಹರಿದುಕೊಂಡು ಹೋದ ಹಾಗೆ.

ಅವನು ಅಲ್ಲೇ ಮಂಡಿಯೂರಿದ. ಮೊಬೈಲ್ ತೆಗೆದು ಫೋಟೊ ಹೊಡೆದ. ಫೋಟೊದಲ್ಲಿ ಏನೂ ಕಾಣಲಿಲ್ಲ. ಇನ್ನೊಂದು ಹೊಡೆದ. ಅದರಲ್ಲೂ ಇಲ್ಲ. ಬಿಸಿಲು ಬೇರೆ ಹೋಗುತ್ತಿದೆ!

ಸೊಂಟದ ಚೀಲದಲ್ಲಿ ವಿಭೂತಿಯ ಗಟ್ಟಿ ಇತ್ತು. ಅದನ್ನು ಪುಡಿ ಮಾಡಿ ಗೆರೆಯ ಉದ್ದಕ್ಕೂ ತಿಕ್ಕಿದ. ತಗ್ಗಿನಲ್ಲಿ ವಿಭೂತಿ ಕೂತರೆ ಗೆರೆ ಬೆಳ್ಳಗೆ ಎದ್ದು ಕಾಣಬೇಕಲ್ಲ, ಅದಕ್ಕೆ. ಮೇಲಿನ ಪುಡಿಯನ್ನು ಊದಿದ.

ನೋಡಿದರೆ ಒಂದಲ್ಲ, ಮೂರು ಗೆರೆ! ಕೆಂಪು ಕಲ್ಲಿನ ಮೇಲೆ ಬೆಳ್ಳಗೆ, ಒಂದರ ಪಕ್ಕ ಒಂದು, ಸರಿಯಾಗಿ ಸಮ ಅಂತರದಲ್ಲಿ.

"ಅಯ್ಯೋ ನನ್ನ ಶಿವನೇ!" ಅಂದ ಮುರಿಗೆಪ್ಪ. ಅಲ್ಲೇ ಕಲ್ಲಿಗೆ ಅಡ್ಡಬಿದ್ದ.

ಹಿಂದೊಮ್ಮೆ ವಿಶ್ವವಿದ್ಯಾಲಯದಿಂದ ಶಾರದಾ ಪಟ್ಟೇದ ಅನ್ನುವ ಮೇಡಂ ತಮ್ಮ ವಿದ್ಯಾರ್ಥಿಗಳನ್ನು ಕರೆದುಕೊಂಡು ಈ ಗುಡ್ಡ ನೋಡಲು ಬಂದಿದ್ದರು. ಹಳೇ ಕಲ್ಲುಗಳಲ್ಲಿ ಜೀವಿಗಳ ಗುರುತು ಹುಡುಕುವುದೇ ಅವರ ವಿದ್ಯೆ. ಮಠದಲ್ಲಿ ಊಟ ಮಾಡಿ, ಏನಾದರೂ ಸಿಕ್ಕರೆ ತಿಳಿಸಿ ಅಂತ ನಂಬರ್ ಕೊಟ್ಟು ಹೋಗಿದ್ದರು. ವಿಭೂತಿ ಹಚ್ಚಿದ ಗೆರೆಗಳ ಫೋಟೊ ಹೊಡೆದು ಮುರಿಗೆಪ್ಪ ಅವರಿಗೆ ಕಳಿಸಿದ.

ಮರುದಿನ ಬೆಳಗ್ಗೆ ಅವರದೇ ಫೋನ್ ಬಂತು.

"ಮುರಿಗೆಪ್ಪ ಅವರೇ, ಆ ಕಲ್ಲು ಬಹಳ ಹಳೆಯದು. ಹುಳ ಹುಪ್ಪಟೆ ಕೂಡ ಹುಟ್ಟಿರದ ಕಾಲದ್ದು ಅಂತಲೇ ನಾವು ಪಾಠ ಮಾಡುತ್ತ ಬಂದಿದ್ದೇವೆ. ನಿಮ್ಮ ಫೋಟೊದಲ್ಲಿರುವುದು ನಿಜವಾದ ಜಾಡಾಗಿದ್ದರೆ ಪಾಠವನ್ನೇ ತಿದ್ದಬೇಕಾಗುತ್ತದೆ. ನಾನು ಸೋಮವಾರ ಬರುತ್ತೇನೆ. ಅಲ್ಲಿಯವರೆಗೆ ದಯವಿಟ್ಟು ಯಾರಿಗೂ ಹೇಳಬೇಡಿ."

ಯಾರಿಗೂ ಹೇಳಬೇಡಿ ಅಂದರೆ ಆಗುವ ಮಾತೇ? ಆ ಕಲ್ಲನ್ನು ಇಳಿಸಲು ನಾಲ್ಕು ಜನ ಬೇಕು, ತರಲು ಟ್ರ್ಯಾಕ್ಟರ್ ಬೇಕು. ಕಲ್ಲು ಬೇವಿನ ಮರದ ಕೆಳಗೆ ಬಂದು ಕೂರುವಷ್ಟರಲ್ಲಿ ಊರಿಗೆ ಊರೇ ಅಂಗಳದಲ್ಲಿತ್ತು.

ಪಾರವ್ವ ಕಲ್ಲಿಗೆ ದಾಸವಾಳದ ಹೂ ಏರಿಸಿದಳು, ಒಂದು ತೆಂಗಿನಕಾಯಿ ತಂದು ಮುಂದಿಟ್ಟಳು.

"ಹುಳದ ಜಾಡ ಅಂತ! ನಿನ್ನ ತಲಿ!" ಅಂತ ಮುರಿಗೆಪ್ಪನನ್ನು ಗದರಿಸಿದಳು. "ಇದು ಈ ಮಠ ಕಟ್ಟಿದ ಮೂಲ ಅಜ್ಜಾರು ಬೆರಳಿಲೆ ಎಳದದ್ದು. ಮೂರು ಬೆರಳು ಚಂದಾಗಿ ಮೂಡ್ಯಾವು, ಕಾಣವಲ್ದೇನು ನಿನಗ?"

ಜನ ಹೋದ ಮೇಲೆ ಅಜ್ಜಾರು ಗೋಡೆ ಹಿಡಿದುಕೊಂಡು ಬಂದು ಕಲ್ಲಿನ ಪಕ್ಕ ಕೂತರು.

"ಎಷ್ಟು ಗೆರಿ ಅದಾವೋ?"

"ಮೂರು ರೀ."

"ಸಮ ಅದಾವ?"

"ಬಿತ್ತೂ ಕೂರಿಗಿ ಹೊಡದ ಸಾಲಿನಂಗ ಅದಾವ್ರಿ."

ಅಜ್ಜಾರ ಕೈ ತನ್ನಷ್ಟಕ್ಕೆ ಮೇಲೆದ್ದು ತಮ್ಮ ಹಣೆಯನ್ನು ಮುಟ್ಟಿತು. ಅಲ್ಲಿ ಬೆಳಗಿನ ಪೂಜೆಯ ವಿಭೂತಿ ಇತ್ತು.

"ಕೊಡದಾಗ ನೀರೈತೇನು?"

"ಐತ್ರಿ."

"ತಗೊಂಡು ಬಾ."

ಮುರಿಗೆಪ್ಪ ತಂದ. ಅಜ್ಜಾರಿಗೆ ಬಾಯಾರಿಕೆ ಅಂತ ಅಂದುಕೊಂಡು ಒಂದು ಲೋಟವನ್ನೂ ತಂದ.

"ನೀ ದಿನಾ ವಿಭೂತಿ ಹಚ್ಚಿಕೊಳ್ಳೂದು ಯಾವಾಗ?" ಅಂದರು ಅಜ್ಜಾರು.

"ಜಳಕ ಆದ ಮ್ಯಾಲ್ರಿ."

"ಮತ್ತ ಈ ಕಲ್ಲಿಗೆ ಜಳಕ ಮಾಡಿಸಲಾರದ ಹಚ್ಚೀಯಲ್ಲೋ!"

ಅಂದವರೇ ಕೊಡವನ್ನೆತ್ತಿ ಕಲ್ಲಿನ ಮೇಲೆ ಬಗ್ಗಿಸಿಬಿಟ್ಟರು.

"ಅಜ್ಜಾರ! ಅಜ್ಜಾರ!" ಅಂತ ಮುರಿಗೆಪ್ಪ ಅಡ್ಡ ಹೋದ. ಆಗಲೇ ಬೆಳ್ಳನೆಯ ನೀರು ಅಂಗಳದಲ್ಲಿ ಹರಿಯುತ್ತಿತ್ತು. ದಾಸವಾಳ ಕೂಡ ಅದರ ಜೊತೆ ತೇಲಿಕೊಂಡು ಹೋಯಿತು.

"ಒಣಗಲಿ," ಅಂದರು ಅಜ್ಜಾರು. "ಬಿಸಿಲು ಓರೆ ಆದ ಮ್ಯಾಲ ನೋಡು."

ಸಂಜೆ ಬಿಸಿಲು ಓರೆಯಾಯಿತು. ಮುರಿಗೆಪ್ಪ ಬಗ್ಗಿ ನೋಡಿದ. ಎಡಗಡೆಯ ಗೆರೆ ಇರಲಿಲ್ಲ. ಬಲಗಡೆಯದೂ ಇರಲಿಲ್ಲ. ನಡುವಿನದು ಮಾತ್ರ ಇತ್ತು, ಅದೂ ಅಲ್ಲಲ್ಲಿ ತುಂಡು ತುಂಡು.

ಅವನು ತನ್ನ ಬಲಗೈ ಎತ್ತಿ ನೋಡಿಕೊಂಡ. ಮಠಕ್ಕೆ ಬಂದ ದಿನದಿಂದ ದಿನವೂ ಹಣೆಗೆ, ತೋಳಿಗೆ, ಎದೆಗೆ ಈ ಕೈ ಮೂರು ಬೆರಳು ಜೋಡಿಸಿಯೇ ವಿಭೂತಿ ಎಳೆದಿತ್ತು. ವಿಭೂತಿ ಮುಟ್ಟಿದರೆ ಸಾಕು, ಬೆರಳು ತಾವೇ ಜೋಡಿಯಾಗುತ್ತಿದ್ದವು. ಕಲ್ಲಿನ ಮೇಲೂ ಹಾಗೇ ಆಗಿತ್ತು. ಒಂದು ಬೆರಳು ಗೆರೆಯ ಮೇಲೆ ಹೋಗಿತ್ತು, ಉಳಿದೆರಡು ಸುಮ್ಮನೆ ಅದರ ಜೊತೆಗೆ ಹೋಗಿದ್ದವು.

"ಎಷ್ಟು ಅದಾವೋ?" ಅಂತ ಅಜ್ಜಾರು ಕೇಳಿದರು.

"ಒಂದ್ರಿ."

ಅಜ್ಜಾರು ನಕ್ಕರು. ಕೆಮ್ಮು ಬರುವವರೆಗೂ ನಕ್ಕರು.

"ಪಾರವ್ವ ಹೇಳಿದ್ದು ಖರೆನ ಐತಿ ನೋಡು. ಬೆರಳಿಲೆ ಎಳದದ್ದ! ಯಾರ ಬೆರಳು ಅನ್ನೂದರಾಗಷ್ಟ ಆಕಿ ತಪ್ಪಿದ್ಲು."

ಮುರಿಗೆಪ್ಪನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಮೂರು ಗೆರೆ ನೋಡಲು ಅಂತ ಅಷ್ಟು ದೂರದಿಂದ ಮೇಡಂ ಬರುತ್ತಿದ್ದಾರೆ. ಊರೆಲ್ಲ ಟಾಂಟಾಂ ಆಗಿದೆ.

"ಒಂದರೆ ಉಳದೈತಲ್ರಿ ಅಜ್ಜಾರ. ಅದು ನಾ ಎಳದದ್ದಲ್ರಿ, ಮೊದಲ ಇತ್ತು. ಅದು ಜಾಡ ಹೌದಲ್ರಿ?"

"ನೀ ಏನಂತಿ?"

"ನೀವ ಹೇಳ್ರಿ."

"ನನಗ ಕಲ್ಲ ಸರಿಯಾಗಿ ಕಾಣವಲ್ದು. ಗೆರಿ ಎಲ್ಲಿಂದ ಕಾಣಬೇಕು ತಮ್ಮಾ?"

ಅಜ್ಜಾರು ಇದನ್ನು ಉಪ್ಪು ಕಡಿಮೆಯಾಗಿದೆ ಅನ್ನುವಷ್ಟು ಸಹಜವಾಗಿ ಅಂದರು.

"ನಾಳೆ ಹೊಳಿಗೆ ಹೋಗು," ಅಂದರು ಅವರೇ. "ದಂಡ್ಯಾಗ ಕೂಡು. ಹಸಿ ಉಸುಕಿನ ಮ್ಯಾಲೆ ಯಾರು ಹೆಂಗ ನಡೀತಾರ ನೋಡು."

"ಎಷ್ಟೊತ್ತು ಕೂಡ್ಲಿರಿ?"

"ನಿನ್ನ ಕಲ್ಲು ನಿನ್ನ ತಲಿಂದ ಇಳಿಯೂತನಕ."

ಮರುದಿನ ಭಾನುವಾರ. ಮುರಿಗೆಪ್ಪ ಹೊಳೆದಂಡೆಯಲ್ಲಿ ಕೂತ.

ಮೊದಮೊದಲು ಅವನಿಗೆ ಏನೂ ಕಾಣಲಿಲ್ಲ. ಕಣ್ಣ ಮುಂದೆ ಆ ಕಲ್ಲೇ ಇತ್ತು. ಬಿಸಿಲು ಏರಿತು, ಬೆನ್ನು ಸುಟ್ಟಿತು, ಹೊಟ್ಟೆ ಚುರುಗುಟ್ಟಿತು. ಪಾರವ್ವ ಕಟ್ಟಿಕೊಟ್ಟ ಬುತ್ತಿಯನ್ನು ಎಷ್ಟೋ ದಿನದ ಮೇಲೆ ಬಿಚ್ಚಿದ. ರೊಟ್ಟಿ ತಿಂದು ನೀರು ಕುಡಿದ. ಆಮೇಲೆ ಅವನಿಗೆ ಉಸುಕು ಕಂಡಿತು.

ನೀರಿನಂಚಿಗೆ ಒಂದು ಬಸವನಹುಳು ಹೊರಟಿತ್ತು.

ಅದಕ್ಕೆ ಅವಸರವೇ ಇರಲಿಲ್ಲ. ಅದು ಹೋದ ಕಡೆ ಉಸುಕು ತಗ್ಗಾಗುತ್ತಿತ್ತು. ತಗ್ಗಿನ ಎರಡೂ ಬದಿಗೆ ಉಸುಕು ಸ್ವಲ್ಪ ಏರಿ ಸಣ್ಣ ಬದುವಿನ ಹಾಗೆ ನಿಲ್ಲುತ್ತಿತ್ತು. ಒಂದು ಹರಳು ಅಡ್ಡ ಬಂತು. ಹುಳು ನಿಂತಿತು, ಯೋಚನೆ ಮಾಡಿದ ಹಾಗೆ ಮಾಡಿತು, ಪಕ್ಕಕ್ಕೆ ಹೊರಳಿ ಹರಳನ್ನು ಸುತ್ತಿಕೊಂಡು ಹೋಯಿತು. ಮುಂದೆ ಹೋಗಿ ಅದೇನು ನೆನಪಾಯಿತೋ, ತಿರುಗಿ ತನ್ನ ಜಾಡನ್ನೇ ದಾಟಿಕೊಂಡು ನೀರಿಗಿಳಿಯಿತು.

ಮೊದಲಿನಿಂದ ಕೊನೆಯವರೆಗೂ ಜಾಡು ಒಂದೇ ಅಗಲ ಇತ್ತು. ಹುಳುವಿನ ಮೈ ಎಷ್ಟಗಲವೋ ಅಷ್ಟು.

"ಹಿಂಗ ನಡೀತೀಯಪ್ಪಾ ನೀನು," ಅಂದ ಮುರಿಗೆಪ್ಪ. ಅವನಿಗೆ ಆ ಹುಳುವಿನ ಮೇಲೆ ಅಕ್ಕರೆ ಬಂತು.

ಎದ್ದು ಸ್ವಲ್ಪ ಮೇಲೆ ಬಂದ. ಅಲ್ಲೊಂದು ಗುಂಡಿಯಲ್ಲಿ ಮಳೆಗಾಲದ ನೀರು ನಿಂತು ಆರಿಹೋಗಿತ್ತು. ತಳದ ಕೆಸರು ಒಣಗಿ ಸೀಳಿತ್ತು. ಸೀಳಿನೊಳಗೆ ಗಾಳಿಗೆ ಹಾರಿ ಬಂದ ಉಸುಕು ತುಂಬಿಕೊಂಡಿತ್ತು. ಒಂದು ಸೀಳು ನಡುವೆ ಅಗಲ, ತುದಿಗೆ ಹೋಗುತ್ತ ಸೂಜಿಯಷ್ಟು ಸಣ್ಣ. ಬದಿಯಲ್ಲಿ ಬದು ಇಲ್ಲ. ಇನ್ನೊಂದು ಸೀಳು ಬಂದು ಅದನ್ನು ಕೂಡಿ ಮೂಲೆ ಕಟ್ಟಿತ್ತು.

ಮುರಿಗೆಪ್ಪ ಆ ಗುಂಡಿಯ ಮುಂದೆ ಬಹಳ ಹೊತ್ತು ಕುಕ್ಕರಗಾಲಲ್ಲಿ ಕೂತಿದ್ದ. ಎದ್ದಾಗ ಕಾಲು ಜೋಮು ಹಿಡಿದಿತ್ತು.

ಸಂಜೆ ಮಠಕ್ಕೆ ಬಂದವನೇ ಬೇವಿನ ಮರದ ಕೆಳಗೆ, ಅಜ್ಜಾರು ಮಲಗುತ್ತಿದ್ದ ಹಾಗೇ, ಕಲ್ಲಿನ ಮೇಲೆ ಬೋರಲು ಮಲಗಿದ. ಕೆನ್ನೆಯನ್ನು ಕಲ್ಲಿಗೆ ಹಚ್ಚಿ ಗೆರೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡಿದ.

ಎರಡೂ ತುದಿ ಸೂಜಿಯಷ್ಟು ಸಣ್ಣ. ನಡುವೆ ಅಗಲ. ಬದು ಇಲ್ಲ. ಒಂದು ಕಡೆ ಇನ್ನೊಂದು ಗೆರೆ ಬಂದು ಮೂಲೆ ಕಟ್ಟಿದೆ. ಎರಡು ದಿನ ಇದು ತನಗೆ ಹೇಗೆ ಕಾಣಲಿಲ್ಲ!

ಇಲ್ಲಿ ಯಾರೂ ನಡೆದಿರಲಿಲ್ಲ. ಕೆಸರು ಒಣಗಿತ್ತು, ಸೀಳಿತ್ತು, ಸೀಳಿನಲ್ಲಿ ಉಸುಕು ತುಂಬಿತ್ತು. ಇಷ್ಟೇ ಆಗಿದ್ದು.

ಅವನು ಪಡಸಾಲೆಗೆ ಹೋದ. ಅಜ್ಜಾರು ನಾಳೆಗೆ ತಯಾರಾಗಿ ಕೂತಿದ್ದರು. ಗಡ್ಡ ಒಪ್ಪ ಮಾಡಿಸಿಕೊಂಡಿದ್ದರು. ಕಾವಿ ಶಾಲನ್ನು ಪಾರವ್ವನಿಂದ ಒಗೆಸಿ ತೊಡೆಯ ಮೇಲೆ ಮಡಚಿ ಇಟ್ಟುಕೊಂಡಿದ್ದರು.

"ಬಂದ್ಯಾ? ನೋಡಿದ್ಯಾ?" ಅಂದರು. ಮುಖ ಅವನ ಕಡೆಗಿತ್ತು, ಆದರೆ ಕಣ್ಣು ಅವನಿಂದ ಸ್ವಲ್ಪ ಪಕ್ಕಕ್ಕೆ ನೋಡುತ್ತಿತ್ತು.

ಯಾರೂ ನಡೆದಿಲ್ಲ ಅನ್ನಲು ಮುರಿಗೆಪ್ಪ ಬಾಯಿ ತೆರೆದ. ಬಾಯಿಂದ ಬೇರೆಯೇ ಮಾತು ಬಂತು.

"ನಡದಾರ್ರಿ ಅಜ್ಜಾರ. ಯಾರೋ ನಡದು ಹೋಗ್ಯಾರ್ರಿ."

ಅಜ್ಜಾರು ತಮ್ಮ ಗುರುಗಳ ಗದ್ದುಗೆಯಿದ್ದ ದಿಕ್ಕಿಗೆ ತಿರುಗಿ ಕೈಮುಗಿದರು. ಬಹಳ ಹೊತ್ತು ಮುಗಿದರು. ಆಮೇಲೆ ಕೇಳಿದರು.

"ಯಾ ಕಡಿಂದ ಬಂದು ಯಾ ಕಡೆ ಹೋದ್ರು?"

ಮುರಿಗೆಪ್ಪ ಖಾಲಿ ಬುತ್ತಿಯ ಬಟ್ಟೆಯನ್ನು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. ಹುಳುವಾಗಿದ್ದರೆ ಹೇಳಬಹುದಿತ್ತು, ಅದು ನೀರಿಗೆ ಹೋಯಿತು, ಹರಳು ಸುತ್ತಿತು ಅಂತ. ಸೀಳು ಯಾವ ಕಡೆಯಿಂದ ಬರುತ್ತದೆ? ಯಾವ ಊರಿಗೆ ಹೋಗುತ್ತದೆ?

"ಯಾಕೋ, ಮಾತಾಡವಲ್ಲಿ?"

"ನಾಳೆ ಹೇಳ್ತೀನ್ರಿ."

"ನಾಳೆನ ಹೇಳು. ಮೇಡಂ ಮುಂದ ನೀನ ಹೇಳಬೇಕು. ನಾ ಬಾಯಿ ಬಿಡಾಂಗಿಲ್ಲ."

ಆ ಹೊತ್ತಿನ ಊಟ ಅವನಿಗೆ ಇಳಿಯಲಿಲ್ಲ. "ನನ್ನ ರೊಟ್ಟಿ ಏನು ಪಾಪ ಮಾಡ್ಯಾವೋ?" ಅಂತ ಪಾರವ್ವ ಕೇಳಿದಳು. ಅವನು ತಟ್ಟೆ ಸರಿಸಿ ಎದ್ದ.

ಸೋಮವಾರ ಮೇಡಂ ಬಂದರು. ಊರವರೂ ಬಂದರು. ಕೆಲವರು ಕಾಯಿ ಹಿಡಿದುಕೊಂಡೇ ಬಂದಿದ್ದರು.

ಅಜ್ಜಾರು ಒಗೆದ ಶಾಲು ಹೊದ್ದು ಕಲ್ಲಿನ ಪಕ್ಕ ಕೂತಿದ್ದರು. ಹೇಳಿದ ಹಾಗೆ ಬಾಯಿಗೆ ಬೀಗ ಹಾಕಿಕೊಂಡಿದ್ದರು. ಮೇಡಂ ಅವರಿಗೆ ನಮಸ್ಕಾರ ಮಾಡಿ ಕಲ್ಲಿನ ಕಡೆ ತಿರುಗಿದರು. ಹುಬ್ಬು ಗಂಟಿಕ್ಕಿದರು.

"ಫೋಟೊದಲ್ಲಿ ಮೂರು ಗೆರೆ ಇದ್ದವಲ್ಲ?"

ಎಲ್ಲರೂ ಮುರಿಗೆಪ್ಪನನ್ನು ನೋಡಿದರು.

ಅವನಿಗೆ ಒಂದು ದಾರಿ ಕಾಣುತ್ತಿತ್ತು. ನೀವೇ ನೋಡಿ ಹೇಳ್ರಿ ಮೇಡಂ, ಅಂದುಬಿಡಬಹುದಿತ್ತು. ಇಲ್ಲ ಅನ್ನುವುದಿದ್ದರೆ ಅವರು ಅನ್ನಲಿ. ಅಜ್ಜಾರ ಎದೆ ಒಡೆಯುವ ಮಾತು ತನ್ನ ಬಾಯಿಂದ ಬರುವುದು ಬೇಡ. ಇಷ್ಟು ವರ್ಷ ಅಜ್ಜಾರಿಗೆ 'ನೀವ ಹೇಳ್ರಿ' ಅಂದವನಿಗೆ ಈಗ ಮೇಡಂಗೆ ಅನ್ನುವುದು ಏನು ಕಷ್ಟ?

ಅವನು ಅಜ್ಜಾರ ಕಡೆ ನೋಡಿದ. ಅವರು ತಲೆಯನ್ನು ಸ್ವಲ್ಪ ವಾರೆ ಮಾಡಿ, ಕಿವಿಗೊಟ್ಟು ಕೂತಿದ್ದರು. ಮೇಡಂ ಏನು ಹೇಳುತ್ತಾರೆ ಅಂತ ಅಲ್ಲ. ಆ ಕಿವಿ ಇದ್ದದ್ದು ಅವನ ಕಡೆಗೆ.

"ಎರಡು ಗೆರಿ ನಾನ ಎಳದದ್ದ್ರಿ," ಅಂದ ಮುರಿಗೆಪ್ಪ. "ವಿಭೂತಿ ಹಚ್ಚುವಾಗ ಬೆರಳು ಹಂಗ ಎಳದ್ವು. ನನಗ ಗೊತ್ತಾಗಲಿಲ್ಲ. ತಪ್ಪಾತ್ರಿ."

ಜನರಲ್ಲಿ ಗುಜುಗುಜು ಎದ್ದಿತು. ಪಾರವ್ವ ಹಣೆ ಚಚ್ಚಿಕೊಂಡಳು.

"ಉಳದ ಒಂದು?" ಅಂತ ಮೇಡಂ ಕೇಳಿದರು.

"ಅದು ಜಾಡ ಅಲ್ರಿ. ಸೀಳು. ಕೆಸರು ಒಣಗಿದಾಗ ಸೀಳತೈತಲ್ರಿ, ಅದು. ಎರಡೂ ತುದಿ ನೋಡ್ರಿ, ಸಣ್ಣ ಆಗ್ಯಾವು. ಹುಳ ನಡದಿದ್ರ ಅಗಲ ಒಂದ ಸಮ ಇರತಿತ್ತು, ಬದಿಗೆ ಉಸುಕು ಏರಿರತಿತ್ತು. ಇಲ್ಲಿ ಮೂಲಿ ಕಟ್ಟೇತಿ." ಮುಂದಿನ ಮಾತನ್ನು ಅಜ್ಜಾರ ಕಡೆ ತಿರುಗಿಯೇ ಹೇಳಿದ. "ಇಲ್ಲಿ ಯಾರೂ ನಡದಿಲ್ರಿ ಅಜ್ಜಾರ."

ಮೇಡಂ ಚೀಲದಿಂದ ಭೂತಗನ್ನಡಿ ತೆಗೆದು ಕಲ್ಲಿನ ಪಕ್ಕ ಮಂಡಿಯೂರಿದರು. ತುದಿಯಿಂದ ತುದಿಗೆ ನೋಡಿದರು. ಮೂಲೆ ಕಟ್ಟಿದ ಕಡೆ ಹೆಚ್ಚು ಹೊತ್ತು ನೋಡಿದರು. ಎದ್ದು ಮಂಡಿಯ ಧೂಳು ಜಾಡಿಸಿಕೊಂಡರು.

"ನೀವು ಹೇಳಿದ್ದು ಸರಿ," ಅಂದರು. "ಇದು ಸೀಳೇ."

ಊರವರು ಗೊಣಗುತ್ತ ಕರಗಿದರು. ತಂದ ಕಾಯಿಗಳನ್ನು ಗದ್ದುಗೆಗೇ ಒಡೆಸಿಕೊಂಡು ಹೋದರು. ಕಲ್ಲಿನ ಮುಂದಿದ್ದ ಕಾಯಿಯನ್ನು ಪಾರವ್ವ ಎತ್ತಿಕೊಂಡು ಹೋಗಿ ಚಟ್ನಿ ಅರೆದಳು. ಮೇಡಂಗೆ ಹೊಟ್ಟೆ ತುಂಬ ಊಟ ಹಾಕಿದಳು.

ಹೊರಡುವಾಗ ಮೇಡಂ ಅಜ್ಜಾರ ಹತ್ತಿರ ಬಂದರು.

"ನಿಮಗೆ ಬೇಸರ ಆಗಿರಬೇಕು ಅಜ್ಜಾರೇ."

ಮಾತಿನ ಬೀಗ ಈಗ ತೆಗೆಯಬಹುದಿತ್ತು. "ಊಟ ಚಲೋ ಆತಿಲ್ಲ ತಂಗಿ?" ಅಂದರು ಅಜ್ಜಾರು.

"ಬಹಳ ಚೆನ್ನಾಗಿತ್ತು."

"ಹಂಗಾದ್ರ ಬ್ಯಾಸರ ಯಾಕ? ಮತ್ತ ಬಾರವ್ವಾ. ಕಲ್ಲು ಇರಲಿ ಇರದಿರಲಿ, ಬಾ."

ಮೇಡಂ ಹೋದರು. ಅಂಗಳ ಖಾಲಿಯಾಯಿತು. ಮುರಿಗೆಪ್ಪ ಬಂದು ಅಜ್ಜಾರ ಕಾಲ ಬಳಿ ಕುಸಿದು ಕೂತ.

"ನಿನ್ನೆ ನಾ ನಿಮಗ ಸುಳ್ಳು ಹೇಳಿದ್ನಿರಿ."

"ಹೂಂ."

"ಗೊತ್ತಿತ್ತೇನ್ರಿ?"

"ಖರೆನ ಜಾಡ ಸಿಕ್ಕಿದ್ರ ನೀ ಅಷ್ಟು ಮೆಲ್ಲಕ ಹೇಳ್ತಿದ್ಯಾ? ಮಠದ ಹಂಚು ಹಾರಿಹೋಗೂವಂಗ ಒದರ್ತಿದ್ದಿ."

"ನಿಮ್ಮ ಕಣ್ಣು ಹೋಗೂದರಾಗ ನಿಮಗ ಒಮ್ಮಿ ತೋರಿಸಬೇಕಂತ ಇತ್ರಿ. ನಿಮ್ಮ ಮ್ಯಾಲಿನ ಜೀವಕ್ಕ ಹಂಗ ಅಂದ್ನಿ. ಇಡೀ ಜನ್ಮ ಹುಡುಕೀರಿ, ಕಡೀಕೂ ಏನೂ ಕಾಣಲಾರದಂಗ..." ಮುಂದೆ ಅವನಿಂದ ಆಗಲಿಲ್ಲ. ಅಷ್ಟು ದಿನ ತಡೆದದ್ದೆಲ್ಲ ಒಮ್ಮೆಲೇ ಬಂತು. ದೊಡ್ಡ ಗಂಡಸು ಎಳೆಕೂಸಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತ.

ಅಜ್ಜಾರು ಅವನನ್ನು ಅಳಲು ಬಿಟ್ಟರು. ತಡಕಾಡಿ ಅವನ ತಲೆ ಹಿಡಿದು ತೊಡೆಗೆ ಒರಗಿಸಿಕೊಂಡರು. ಬೆರಳು ಅವನ ಹಣೆಯ ಮೇಲೆ ಓಡಿತು. ಬೆವರಿಗೆ ವಿಭೂತಿ ಕದಡಿಹೋಗಿತ್ತು. ಶಾಲಿನ ತುದಿಯಿಂದ ಹಣೆ ಒರೆಸಿದರು. ಪಕ್ಕದಲ್ಲಿದ್ದ ವಿಭೂತಿ ಗಟ್ಟಿ ತೆಗೆದುಕೊಂಡು, ಮೂರು ಬೆರಳು ಜೋಡಿಸಿ, ಕಣ್ಣು ಕಾಣದಿದ್ದರೂ ಒಂದಿಷ್ಟೂ ಸೊಟ್ಟಾಗದ ಹಾಗೆ ಎಳೆದರು.

"ಇಲ್ಲಿ ಹಚ್ಚು," ಅಂದರು. "ಕಲ್ಲಿಗೆ ಬ್ಯಾಡ."

ಮುರಿಗೆಪ್ಪ ಅಳುತ್ತಲೇ ನಕ್ಕ.

ಅಡುಗೆಮನೆಯಲ್ಲಿ ಪಾರವ್ವ ಪಾತ್ರೆ ತೊಳೆಯುವ ಸದ್ದು ಬರುತ್ತಿತ್ತು.

"ಈ ಕಲ್ಲು ಏನ್ ಮಾಡೂದ್ರಿ?"

"ಇರಲಿ. ನನಗ ಕೂಡಾಕ ಚಲೋ ಐತಿ." ಅಜ್ಜಾರು ಎದ್ದು, ಕೈಯಿಂದ ಕಲ್ಲಿನ ಅಂಚು ಹುಡುಕಿ, ಅದರ ಮೇಲೆ ಹಾಯಾಗಿ ಕೂತರು. "ಮುರಿಗ್ಯಾ, ಗುಡ್ಡದ ಆ ಮಗ್ಗಲು ನೋಡೀಯೇನು?"

"ಇಲ್ರಿ. ಆ ಕಡೆ ದಾರಿ ಕೆಟ್ಟದೈತ್ರಿ."

"ನಾಳೆ ಹೋಗೂಣು."

ಮುರಿಗೆಪ್ಪ ತಲೆ ಎತ್ತಿದ.

"ನೀವೂ ಬರ್ತೀರೇನ್ರಿ?"

"ಮತ್ತ? ಪ್ರಶ್ನೆ ನಂದಲ್ಲೇನು?"

"ಖರೆ ರೀ. ಆದ್ರ ನಿಮಗ ಕಾಣೂದಿಲ್ಲಲ್ರಿ ಅಜ್ಜಾರ."

ಅಜ್ಜಾರು ಕೈಚಾಚಿ ಅವನ ಹೆಗಲು ಹಿಡಿದುಕೊಂಡರು.

"ಬುತ್ತಿ ಇಬ್ಬರಿಗೂ ಕಟ್ಟಿಸು. ಕಣ್ಣು ಒಬ್ಬರದ ಸಾಕು."